ನಳಕ್ಕೆ ಕಟ್ಟಿದ ಆಡು

ಅಣ್ಣನಿಗೂ ವೈನಿಗೂ ಜೈ ಭೀಮ್.

ಬಸವಕಲ್ಯಾಣದ ಹೊಸ ಬಡಾವಣೆಯಲ್ಲಿ ಮನೆಮನೆ ತಿರುಗಿ, ಪಟ್ಟಣ ಎಷ್ಟು ಸುಧಾರಿಸಿದೆ ಎಂದು ಅಂಕ ಹಾಕುತ್ತಿದ್ದೇನೆ. ತಲೆ ಕೆಟ್ಟುಹೋಗಿದೆ! ಇಲ್ಲಿ ಶೇವಂತಾಬಾಯಿ ಎಂಬ ಅಜ್ಜಿ ಅಂಗಳದ ನಳಕ್ಕೆ ಆಡು ಕಟ್ಟಿದ್ದಾಳೆ. “ನೀರ ಬರ್ತಾವೇನ್ರಿ?” ಎಂದೆ. “ಬರ್ತಿದ್ರ ಆಡ್ ಯಾಕ ಕಟ್ತಿದ್ದೆ? ನಿನ್ನ ಫಾರ್ಮಿನ್ಯಾಗ ಏನ್ ಕೇಳ್ಯಾರ, ಅದನ್ನ ಬರಕೋ” ಎಂದು ರೇಗಿದಳು. ಫಾರ್ಮಿನಲ್ಲಿ ಕೇಳಿರುವುದು ನಳ ಇದೆಯೇ ಎಂದು ಮಾತ್ರ. ಹತ್ತಕ್ಕೆ ಹತ್ತು ಹಾಕಿದೆ. ಅದೇ ಲೆಕ್ಕದಲ್ಲಿ, ನಳವೇ ಇಲ್ಲದ ನಮ್ಮ ದುಬಲಗುಂಡಿಯ ಮನೆಗೆ ಸೊನ್ನೆ.

ಇಲ್ಲಿಯ ಟ್ಯಾಂಕರ್ ನೀರು ಕುಡಿದು ಹೊಟ್ಟೆ ಕೆಟ್ಟಿದೆ. ಭಾನುವಾರ ಹುಮನಾಬಾದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಕ್ಯಾನ್ ನೀರು ಕೊಟ್ಟು ಕಳಿಸಿರಿ, ಹುಮನಾಬಾದಿಗೆ ನಾನೇ ಬಂದು ಒಯ್ಯುತ್ತೇನೆ. ಸೊನ್ನೆ ಅಂಕದ ನಮ್ಮ ಬಾವಿಯ ನೀರೇ ಇರಲಿ.

ಕಾರ್ಡು ತುಂಬಿತು.
ಸುಜಾತಾ