ಮೋತಿಯ ಮಗ

ರಾಮನಗರ
18 ನವೆಂಬರ್ 2024

ಗುಲ್ಜಾರ್ ಬೀ ಅಮ್ಮನವರಿಗೆ,

ಎದುರುಮನೆಯ ಭಾನುಪ್ರಿಯ ಮಾಡುವ ನಮಸ್ಕಾರ. ನಿಮಗೆ ಕನ್ನಡ ಓದಲು ಬಾರದು, ಚನ್ನಪಟ್ಟಣದಲ್ಲಿ ನಿಮ್ಮ ಮಗಳೇ ಇದನ್ನು ಓದಿ ಹೇಳಬೇಕು ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಮೆಹ್ರೀನ್, ನನ್ನ ಮೇಲೆ ಕನಿಕರಪಟ್ಟು ಯಾವ ಸಾಲನ್ನೂ ಹಾರಿಸಬೇಡಮ್ಮ. ಫೋನಿನಲ್ಲೇ ಹೇಳಿಬಿಡೋಣವೆಂದು ಎರಡು ಸಲ ಮಾಡಿದ್ದೆ. ಎರಡು ಸಲವೂ ನಿಮ್ಮ ಮಂಡಿನೋವು ಹೇಗಿದೆ ಎಂದಷ್ಟೇ ಕೇಳಿ ಇಟ್ಟುಬಿಟ್ಟೆ.

ಗೌರಿಹಬ್ಬದ ಹಿಂದಿನ ದಿನ ಹೂವಿನ ಮುನಿಯಮ್ಮನನ್ನು ಕಚ್ಚಿದ್ದು ನಿಮ್ಮ ಮೋತಿ ಅಲ್ಲ. ನಮ್ಮ ಟೈಸನ್.

ಟೈಸನ್ ಒರಿಜಿನಲ್ ಜರ್ಮನ್ ಶೆಫರ್ಡ್ ಎಂದೇ ನಾನು ಎಲ್ಲರ ಹತ್ತಿರ ಹೇಳಿಕೊಂಡು ಬಂದಿದ್ದೆ. ಅವನ ತಾಯಿ ಹಿಂದಿನ ಬೀದಿಯ ಶೆಫರ್ಡ್, ಅದು ನಿಜ. ತಂದೆ ಯಾರೆಂದು ನಿಮಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮರಿ ತಂದ ವಾರವೇ ನೀವು ರೇಷ್ಮೆ ನೂಲು ಬಿಚ್ಚುವ ಕೆಲಸ ಮುಗಿಸಿ ಬರುತ್ತಾ ನಮ್ಮ ಗೇಟಿನ ಹತ್ತಿರ ನಿಂತು, "ಕಣ್ಣು ನೋಡವ್ವ, ನಮ್ಮ ಮೋತಿದೇ. ಅಪ್ಪನ್ನೇ ಅಚ್ಚು ಒತ್ತಿದಂಗೈತೆ" ಎಂದು ನಕ್ಕಿರಿ. ಮನೆಯಲ್ಲಿ ನೆಂಟರಿದ್ದರು. ನಾನು ಕೇಳಿಸದವಳಂತೆ ಗೇಟು ಹಾಕಿಕೊಂಡೆ.

ಪಶು ಆಸ್ಪತ್ರೆಯ ಡಾಕ್ಟರು ಮಾತ್ರ ಮೊದಲ ದಿನವೇ ಕಾರ್ಡಿನಲ್ಲಿ 'ಕ್ರಾಸ್' ಎಂದು ಬರೆದರು. ಇಂಥ ನಾಯಿಗೆ ತಾಯಿಯ ಚುರುಕೂ ಇರುತ್ತದೆ, ಬೀದಿಯಲ್ಲಿ ಬದುಕಿದ ತಂದೆಯ ಎಚ್ಚರವೂ ಇರುತ್ತದೆ, ಕಟ್ಟಿಹಾಕಿ ಬೆಳೆಸಿದರೆ ಕೋಪ ಕಲಿಯುತ್ತದೆ, ಬೆಳಿಗ್ಗೆ ಸಂಜೆ ಓಡಾಡಿಸಿ, ಮನೆಗೆ ಬರುವವರ ಪರಿಚಯ ಮಾಡಿಸಿ ಎಂದೆಲ್ಲ ಹೇಳಿದರು. ನನ್ನ ಕಿವಿಗೆ ಬಿದ್ದದ್ದು ಕ್ರಾಸ್ ಎಂಬ ಒಂದೇ ಮಾತು. ಆ ಕಾರ್ಡನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ತುರುಕಿದೆ. ಮುಂದಿನ ವರ್ಷ ರೇಬೀಸ್ ಇಂಜೆಕ್ಷನ್ ಹಾಕಿಸಲು ಹೋಗಲೇ ಇಲ್ಲ. ಬೀದಿಯಲ್ಲಿ ನಡೆಸಿದರೆ ಮೋತಿ ಬಂದು ಪಕ್ಕದಲ್ಲಿ ನಿಲ್ಲುತ್ತಾನೆ, ಜನ ಹೋಲಿಸಿ ನೋಡುತ್ತಾರೆ ಎಂದು ಕುತ್ತಿಗೆಗೆ ಕೆಂಪು ಬೆಲ್ಟ್ ಕಟ್ಟಿ ಹಿತ್ತಲಿನಲ್ಲೇ ಸರಪಳಿ ಹಾಕಿಟ್ಟೆ. ಬಾಚುವವರಿಲ್ಲದೆ ಅವನ ತೊಡೆಯ ಕೂದಲು ಗಂಟುಗಟ್ಟಿ ಒಳಗೆ ಚರ್ಮ ಹುಣ್ಣಾಗಿತ್ತು. ಅದನ್ನು ನಾನು ನೋಡಿದ್ದೇ ಅವನು ಕಚ್ಚಿದ ಮೇಲೆ.

ಅವತ್ತು ಹಿತ್ತಲು ತೊಳೆಯಲೆಂದು ಸರಪಳಿ ಬಿಚ್ಚಿದ್ದೆ. ಗೇಟು ತೆರೆದಿತ್ತು. ಮುನಿಯಮ್ಮ ಬುಟ್ಟಿ ಇಳಿಸಲು ಬಗ್ಗಿದ್ದಳು. ಅವನು ಹಿಂದಿನಿಂದ ಹೋಗಿ ಮೀನಖಂಡಕ್ಕೆ ಬಾಯಿ ಹಾಕಿದ. ಅವಳು ಕಿರುಚಿಕೊಂಡು ಸೇವಂತಿಗೆಯ ಮೇಲೇ ಬಿದ್ದಳು. ಗಲಾಟೆ ಕೇಳಿ ಓಡಿ ಬಂದ ಮೋತಿ ಬೊಗಳಿ ಬೊಗಳಿ ಟೈಸನ್ನನ್ನು ಹಿತ್ತಲಿಗೆ ಅಟ್ಟಿದ. ಜನ ಸೇರುವ ಹೊತ್ತಿಗೆ ಬೀದಿಯಲ್ಲಿ ಉಳಿದಿದ್ದವನು ಮೋತಿ ಒಬ್ಬನೇ. ಅದೇ ಕಪ್ಪು ಬೆನ್ನು, ಅದೇ ಕಂದು ಕಾಲು.

ಲಗೇಜ್ ಆಟೊದ ಕೆಂಪರಾಜು, "ಯಾವ್ದಕ್ಕ ಕಚ್ಚಿದ್ದು?" ಎಂದು ನನ್ನನ್ನೇ ಕೇಳಿದ. ಟೈಸನ್ ಅಂದರೆ ಇಂಜೆಕ್ಷನ್ ಕಾರ್ಡ್ ತೋರಿಸಿ ಅಂತಾರೆ. ಅದೊಂದೇ ನನ್ನ ತಲೆಯಲ್ಲಿದ್ದದ್ದು. ಮೋತಿಯ ಕಡೆ ಬೆರಳು ತೋರಿಸಿದೆ.

ಆಮೇಲಿನದನ್ನು ನೀವೇ ಅನುಭವಿಸಿದ್ದೀರಿ. ಅವನನ್ನು ಗೋಣಿಚೀಲಕ್ಕೆ ತುಂಬಿ ಆಟೊಗೆ ಹಾಕುವಾಗ ನೀವು ಕೆಲಸದಿಂದ ಓಡಿ ಬಂದು, "ಅವ್ನು ಕಚ್ಚಲ್ಲ ಕಣಪ್ಪೋ, ಎಂಟು ವರ್ಷದಿಂದ ಅನ್ನ ಹಾಕಿವ್ನಿ" ಎಂದು ಆಟೊ ಹಿಡಿದುಕೊಂಡಿರಿ. ಅನ್ನ ಹಾಕಿ ಬೀದಿಗೆ ನಾಯಿ ಅಭ್ಯಾಸ ಮಾಡಿಸಿದ್ದೇ ನೀವೆಂದು ಎಲ್ಲರೂ ನಿಮ್ಮ ಮೇಲೆ ಬಿದ್ದರು. ತಿಂಗಳು ತುಂಬುವುದರೊಳಗೆ ಓನರು ಮನೆ ಖಾಲಿ ಮಾಡಿಸಿದರು. ನೀವು ಸಾಮಾನು ಹೊರುವಾಗ ನಾನು ಫ್ಲಾಸ್ಕಿನಲ್ಲಿ ಟೀ ತಂದುಕೊಟ್ಟೆ. "ನೀನೊಬ್ಳೇ ನನ್ನ ಮಾತಾಡ್ಸಿದ್ದು ಮಗಳೇ" ಎಂದು ನನ್ನ ಕೈ ಹಿಡಿದುಕೊಂಡಿರಿ. ರೇಷ್ಮೆಗೂಡು ಬೇಯಿಸುವ ಬಿಸಿನೀರಿನಲ್ಲಿ ಬಿಳಚಿಕೊಂಡ ನಿಮ್ಮ ಬೆರಳುಗಳು ನನ್ನ ಕೈಯೊಳಗಿದ್ದವು. ಆಗಲೂ ಹೇಳಲಿಲ್ಲ. ಮುನಿಯಮ್ಮ ಇಂಜೆಕ್ಷನ್ನಿಗೆಂದು ಕುಂಟುತ್ತಾ ಆಸ್ಪತ್ರೆಗೆ ಅಲೆಯುವಾಗಲೂ ಹೇಳಲಿಲ್ಲ. ಟೈಸನ್ನಿಗೆ ಹುಚ್ಚು ಏನಾದರೂ ಹಿಡಿಯುತ್ತದೋ ಎಂದು ದಿನಾ ಕದ್ದು ನೋಡಿದ್ದೊಂದೇ ನಾನು ಮಾಡಿದ್ದು.

ಕಡೆಗೆ ಮೋತಿಯನ್ನು ಬಿಟ್ಟುಬಂದ ಜಾಗವನ್ನು ಕೆಂಪರಾಜುವಿನ ಹತ್ತಿರ ಕೇಳಿಕೊಂಡು, ಕಳೆದ ಭಾನುವಾರ ಮಾಗಡಿಯ ಆಚೆ ಕಲ್ಯಕ್ಕೆ ಹೋಗಿದ್ದೆ. ಮೋತಿ ಬದುಕಿದ್ದಾನೆ ಅಮ್ಮಾ. ದೊಡ್ಡಮುನಿಯಪ್ಪ ಎಂಬ ರೈತರ ಕೊಟ್ಟಿಗೆಯಲ್ಲಿದ್ದಾನೆ. ಹಿಂದಿನ ಕಾಲೊಂದನ್ನು ಸ್ವಲ್ಪ ಎಳೆಯುತ್ತಾನೆ. "ಒಸಿ ದಿನ ಅನ್ನನೇ ಮುಟ್ನಿಲ್ಲ ಕಣವ್ವ. ಯಾವ ಆಟೊ ಬಂದ್ರೂ ಎದ್ದು ಓಡೋಗದು. ಈಗ ನಮ್ಮ ಹಸು ಜೊತೆ ಒಗ್ಗೈತೆ" ಎಂದರು ಅವರು. ನಾನು ಬಿಸ್ಕತ್ತು ಹಿಡಿದು ಕರೆದೆ. ನನ್ನ ಗುರುತು ಹಿಡಿದ. ಬಾಲ ಅಲ್ಲಾಡಿಸಲಿಲ್ಲ, ಹಸುವಿನ ಹಿಂದೆ ಹೋಗಿ ನಿಂತುಕೊಂಡ. ನಿಮ್ಮ ದನಿ ಕೇಳಿದರೆ ಬರುತ್ತಾನೆ. ಯಾವತ್ತು ಹೋಗೋಣ ಹೇಳಿ, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಮೆಹ್ರೀನ್ ಜೊತೆ ಹೋಗಿ. ವಿಳಾಸವನ್ನು ಹಾಳೆಯ ಹಿಂದೆ ಬರೆದಿದ್ದೇನೆ.

ಟೈಸನ್ನಿಗೆ ಇಂಜೆಕ್ಷನ್ ಆಯಿತು, ಹುಣ್ಣು ಮಾಯುತ್ತಿದೆ. ದಿನಾ ಎರಡು ಹೊತ್ತು ಹಗ್ಗ ಹಿಡಿದು ನಡೆಸುತ್ತೇನೆ. ಯಾವ ಜಾತಿ ಎಂದು ಕೇಳಿದವರಿಗೆ ಕ್ರಾಸ್ ಎನ್ನುತ್ತೇನೆ. ಕಚ್ಚಿದ್ದು ಇವನೇ ಎಂದು ಮಾತ್ರ ಬೀದಿಯವರಿಗೆ ಇನ್ನೂ ಹೇಳಿಲ್ಲ. ಇದನ್ನೂ ನಿಮ್ಮಿಂದ ಮುಚ್ಚಿಡಬಾರದೆಂದು ಬರೆದಿದ್ದೇನೆ.

ಕ್ಷಮಿಸಿ ಎನ್ನುವ ಮುಖ ನನಗಿಲ್ಲ.

ನೀವು ಮಗಳೇ ಎಂದು ಕರೆದಿದ್ದ,
ಭಾನುಪ್ರಿಯ

ಮತ್ತೆ ಬರೆದದ್ದು, 29 ನವೆಂಬರ್: ಹನ್ನೊಂದು ದಿನ ಈ ಕಾಗದವನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದೆ. ನಿನ್ನೆ ಸಂಜೆ ಕೆಂಪರಾಜುವನ್ನೂ ಅಕ್ಕಪಕ್ಕದವರನ್ನೂ ಕರೆದು ಮುನಿಯಮ್ಮನ ಎದುರಿಗೇ ನಿಜ ಹೇಳಿದೆ. ಅವರೆಲ್ಲ ಬೈದು ಹೋದ ಮೇಲೂ ಮುನಿಯಮ್ಮ ಕೂತೇ ಇದ್ದಳು. ಹೂವಿನಿಂದ ತಲೆ ಎತ್ತದೆ, "ನಂಗೆ ಅವತ್ತೇ ಗೊತ್ತಿತ್ತು ಕಣವ್ವ. ಬೀಳೋವಾಗ ಅದ್ರ ಕುತ್ತಿಗೇಲಿ ಕೆಂಪು ಬೆಲ್ಟ್ ಕಂಡಿದ್ದೆ. ಅಷ್ಟೊತ್ತಿಗೆ ನೀವು ಅತ್ಲಾಗೆ ಬೆರಳು ತೋರುಸ್ಬುಟ್ರಿ. ನಾಳೀಕೂ ನಾನು ಇದೇ ಬೀದಿಲಿ ಹೂವ ಮಾರ್ಬೇಕಲ್ಲ" ಎಂದಳು.