ಮೂವತ್ತೆಂಟು ನಿಮಿಷ ಮಲಗಿದವನು

೧೪ನೇ ತಾರೀಖು, ಮಂಗಳವಾರ

ಪ್ರೀತಿಯ ತಂಗಿಗೆ,

ಅಣ್ಣನ ಅಕ್ಕರೆಯ ನೆನಪುಗಳು. ನಿನ್ನ ಪತ್ರ ಬಂದು ಮೂರು ವಾರವಾಯಿತು. ತಡಮಾಡಿದ್ದಕ್ಕೆ ಬಾಯ್ತುಂಬ ಬೈದುಬಿಡು. ಅಮ್ಮನಿಗೆ ಆ ಹೊಸ ನಿದ್ದೆಯ ಹನಿ ಕೊಡಿಸಬಹುದೇ ಎಂದು ಕೇಳಿದ್ದೆ. ಆಸ್ಪತ್ರೆಯ ಅಂಕಿಅಂಶವೆಲ್ಲ ಅಣ್ಣನ ಕೈಯಲ್ಲಿರುವಾಗ ಇನ್ನಾರನ್ನು ಕೇಳುತ್ತೀ?

ಕೇಳು ತಂಗಿ, ನಿಧಾನವಾಗಿ ಕೇಳು. ಏಳು ವಾರ್ಡು, ನಾನೂರು ರೋಗಿಗಳು. ಹನಿ ಕುಡಿದವರನ್ನು ಅದೇ ವಾರ್ಡಿನ ಕುಡಿಯದವರೊಂದಿಗೆ ಹೋಲಿಸಿ, ಎಲ್ಲ ವಾರ್ಡುಗಳ ವ್ಯತ್ಯಾಸವನ್ನು ಒಂದೇ ಅಂಕಿಗೆ ಇಳಿಸುವ ರಿಗ್ರೆಷನ್ ಲೆಕ್ಕ ನಡೆಸಿದೆ. ಕೊನೆಗೆ ಒಂದೇ ಒಂದು ಅಂಕಿ, ಕಿರೀಟ ತೊಟ್ಟ ರಾಜನ ಹಾಗೆ ರಂಗಕ್ಕೆ ಬಂತು: ಮೂವತ್ತೆಂಟು ನಿಮಿಷ ಹೆಚ್ಚು ನಿದ್ದೆ! ದೊಡ್ಡ ಡಾಕ್ಟರು ಬೆನ್ನು ತಟ್ಟಿದರು. ನಮ್ಮಪ್ಪ ನಾಟಕ ಕಂಪನಿಯಲ್ಲಿ ಮೂವತ್ತು ವರ್ಷ ಗದೆ ಹೊತ್ತರೂ ಸಿಗದ ಚಪ್ಪಾಳೆ ನನಗೆ ಒಂದೇ ಬೆಳಗಿನಲ್ಲಿ ಸಿಕ್ಕಿತು.

ಮೊನ್ನೆ ಮಧ್ಯಾಹ್ನ ಅಮ್ಮನಿರುವ ಏಳನೆಯ ವಾರ್ಡಿಗೆ ಹೋದೆ. ಬಾಗಿಲು ದೂಡಿದೆ. ಹಾಸಿಗೆ ಹಾಸಿಗೆಯಲ್ಲೂ ಮುದುಕಿಯರು ನೆಟ್ಟಗೆ ಕೂತಿದ್ದರು. ಯಾರೂ ರೆಪ್ಪೆ ಬಡಿಯುತ್ತಿರಲಿಲ್ಲ. ನನ್ನ ಹೆಜ್ಜೆ ಸದ್ದಿಗೆ ತಲೆಗಳೆಲ್ಲ ಒಟ್ಟಿಗೆ ತಿರುಗಿದವು. ಗೋಡೆ ಪಕ್ಕದ ಒಬ್ಬಾಕೆ ಮಾತ್ರ ಗೊರಕೆ ಹೊಡೆಯುತ್ತಿದ್ದಳು.

ಟವೆಲ್ ಮಡಿಸುತ್ತಿದ್ದ ನರ್ಸಮ್ಮ, ಹನಿ ಶುರುವಾದಾಗಿನಿಂದ ಇವರು ಮಲಗಿದ್ದೇ ಅಪರೂಪ, ದಿನವೂ ಚೀಟಿಯಲ್ಲಿ ಬರೆದು ಕಳಿಸಿದ್ದೇನೆ ಎಂದಳು. ಗೊರಕೆಯಾಕೆಯತ್ತ ಗದ್ದ ಚಾಚಿ, "ಅವರೊಬ್ಬರಿಗೆ ಹನಿ ಕೊಟ್ಟಿಲ್ಲ. ನಮ್ ಚೀಟಿ ಓದ್ತೀರೋ, ಇಲ್ಲಾ ಪೊಟ್ಟಣ ಕಟ್ತೀರೋ ಸಾರ್?" ಎಂದಳು.

ಓದಿದ್ದೆ. ಆದರೆ ಅರ್ಧ ಜನ ಕುಡಿದು ಅರ್ಧ ಜನ ಬಿಟ್ಟ ವಾರ್ಡು ನನ್ನ ಲೆಕ್ಕದಲ್ಲಿ ಗಂಟಲು ಹರಿಯುವಂತೆ ಮಾತಾಡುತ್ತದೆ. ಒಬ್ಬಳನ್ನು ಬಿಟ್ಟು ಎಲ್ಲರೂ ಕುಡಿದ ವಾರ್ಡಿನಲ್ಲಿ ಹೋಲಿಸಲು ಯಾರಿದ್ದಾರೆ? ಅದರ ದನಿ ಬರೀ ಪಿಸುಮಾತು. ಬೇರೆ ವಾರ್ಡುಗಳ ಎಳೆಯರಿಗೆ ಒಂದು ಗಂಟೆ ನಿದ್ದೆ ಹೆಚ್ಚಿತ್ತು, ಏಳನೆಯ ವಾರ್ಡಿನ ಮುದುಕಿಯರದ್ದು ಹಾರಿಹೋಗಿತ್ತು. ಒಂದೇ ಅಂಕಿ ಇಬ್ಬರನ್ನೂ ನುಂಗಿ ಕೂತಿತ್ತು. ಸರಿಯಾಗಿ ಮೂವತ್ತೆಂಟು ನಿಮಿಷ ಹೆಚ್ಚು ಮಲಗಿದವನು ನಾನೂರು ಹಾಸಿಗೆಗಳಲ್ಲಿ ಒಬ್ಬನೂ ಇಲ್ಲ. ಆದರೂ ಅವನು ಈಗ ನನ್ನ ಕಣ್ಣಿಗೆ ಬೀಳುತ್ತಾನೆ, ತಂಗಿ. ಆಫೀಸಿನ ಎದುರು ಕುರ್ಚಿಯಲ್ಲಿ, ಮುಖವಿಲ್ಲದೆ, ಕೈಕಟ್ಟಿ ಕೂತಿರುತ್ತಾನೆ.

ನಿನ್ನ ಪ್ರಶ್ನೆಗೆ ಉತ್ತರ: ಬೇಡ. ಇವತ್ತು ಬೆಳಿಗ್ಗೆ ದೊಡ್ಡ ಡಾಕ್ಟರಿಗೆ ಹೇಳಿ ಹನಿ ನಿಲ್ಲಿಸಿದೆ.

ನೀನೂ ಮಕ್ಕಳೂ ನೂರ್ಕಾಲ ಸುಖವಾಗಿರಿ. ತಲೆ ಇಟ್ಟೊಡನೆ ಕಣ್ತುಂಬ ನಿದ್ದೆ ಬರಲಿ.

ನಿನ್ನ
ಅಣ್ಣ

ತಾ.ಕ.: ನಿನ್ನ ಪತ್ರ ಬರುವ ಮೊದಲೇ ಹನಿ ಕೊಡಲು ಅಮ್ಮನ ಒಪ್ಪಿಗೆ ಕಾಗದಕ್ಕೆ ನಾನು ಸಹಿ ಹಾಕಿಯಾಗಿತ್ತು. ಅವಳು ಬೇಡವೆಂದಿದ್ದಳು, ನಾನೇ ಒಪ್ಪಿಸಿದೆ. ಮೊನ್ನೆ ಪಕ್ಕದಲ್ಲಿ ಕೂತು ಕೈ ಹಿಡಿದೆ. ನನ್ನನ್ನೇ ದಿಟ್ಟಿಸಿ, "ನೀನು ಮಲಕ್ಕೋ ಮಗಾ," ಎಂದಳು, "ನಾನು ಎದ್ದೇ ಇರ್ತೀನಲ್ಲ."