ಕೆಮ್ಮಜ್ಜಿಯ ಮೂವತ್ತು ದಿನ

೩, ಸೋಮವಾರ. ಬೆಳಗ್ಗೆ ೯

ಡಬ್ಬದ ಧೂಳು ಒರೆಸಿದೆ. ಮೆಟ್ಟಿಲ ಕೆಳಗಿನ ಕೋಣೆ, ಒಂದು ಫ್ಯಾನು, ಒಂದು ಹಳೇ ಲಿನಕ್ಸ್ ಸರ್ವರು, ನಾನು. ಮೂವರಲ್ಲಿ ಸದ್ದು ಮಾಡದೆ ಕೆಲಸ ಮಾಡುವುದು ಸರ್ವರೊಂದೇ. ಹದಿನಾಲ್ಕು ವರ್ಷದಿಂದ ಈ ಆಸ್ಪತ್ರೆಯ ಪ್ರತಿ ಯಂತ್ರಕ್ಕೂ ನೆಟ್‌ವರ್ಕಿನ ವಿಳಾಸ, ಅಂದರೆ ಒಂದು ನಂಬರು, ಕೊಡುವುದು ಅದೇ. ನಂಬರು ಸಿಗದಿದ್ದರೆ ಯಂತ್ರಗಳು ಒಂದಕ್ಕೊಂದು ಮಾತಾಡುವುದಿಲ್ಲ... ನಾನು, ಹೊಸ ಮ್ಯಾನೇಜರು ಇದ್ದ ಹಾಗೆ.

ವಿಳಾಸ ಹಂಚುವುದು ನಾನು. ವಿಲಾಸ ಅವನದು.

ಇವತ್ತು ನರ್ಸ್‌ಗಳ ಎದುರಿಗೇ ಹೇಳಿದ: "ಹತ್ತನೇ ತಾರೀಖು ಹೊಸ ಸರ್ವರಿಗೆ ಹೋಗ್ತೀವಿ. ನಂಬರೆಲ್ಲ ಹೊಸದು. ಈ ಡಬ್ಬ ಗುಜರಿಗೆ. ನಿಮಗೂ ರೆಸ್ಟು, ಅಜ್ಜಾ."

ಅಜ್ಜನಂತೆ! ಅವನಪ್ಪನಿಗಿಂತ ಎರಡು ವರ್ಷ ಚಿಕ್ಕವನು ನಾನು. ವಿಚಾರಿಸಿದ್ದೇನೆ.

೫, ಬುಧವಾರ

ಯಂತ್ರಗಳ ಪಟ್ಟಿ ಕೇಳಿದ. ಕೊಟ್ಟೆ. ನಾನಿಟ್ಟ ಅಡ್ಡಹೆಸರು ಓದುತ್ತಾ ಓದುತ್ತಾ ಅವನ ಕಿವಿ ಕೆಂಪಾಯಿತು.

"ಗೊರಕೆರಾಯ ಅಂದ್ರೆ ಯಾವ ಮಷೀನು?"

"ನಿಮ್ದೇ ಸಾರ್. ಆಫೇ ಆಗಲ್ವಲ್ಲ, ಇಪ್ಪತ್ನಾಲ್ಕು ಗಂಟೆ ಗುರ್ ಅಂತಿರುತ್ತೆ."

"ಕೆಮ್ಮಜ್ಜಿ?"

ಲ್ಯಾಬಿನಲ್ಲಿ ರಕ್ತದ ಟ್ಯೂಬಿಗೆ ಲೇಬಲ್ ಹೊಡೆಯುವ ಪ್ರಿಂಟರು. ಎರಡು ಸಲ ಕೆಮ್ಮಿಯೇ ಕಾಗದ ಬಿಡುತ್ತಾಳೆ. ಹೋದ ವರ್ಷ, ಅವನು ಬಂದ ವಾರವೇ, ಇವರಿಬ್ಬರಿಗೂ ಮದುವೆ ಮಾಡಿಸಿ ಒಂದೇ ಗುಂಪಿನಲ್ಲಿಟ್ಟಿದ್ದೆ. ಆ ಗುಂಪಿಗೆ 'ಸಂಸಾರ' ಅಂತ ಹೆಸರು. ಲ್ಯಾಬಿನ ತಂಗಿ ಬಿದ್ದು ಬಿದ್ದು ನಕ್ಕಿದ್ದಳು. ಅವಳೊಬ್ಬಳೇ ಈ ಕೋಣೆಗೆ ಬಂದು "ಅಣ್ಣಾ, ಟೀ" ಅನ್ನುವವಳು.

"ಮನೆಗೆ ಹೋಗೋ ವಯಸ್ಸಲ್ಲಿ ಇದೆಲ್ಲ ಬೇಕಾ ನಿಮಗೆ?" ಅಂದ.

ಬೇಕು. ಇನ್ನೊಂದು ಬೇಕು.

೭, ಶುಕ್ರವಾರ. ಸಂಜೆ

ಅಪ್ಪಣೆಯಾಯಿತು: "ಎಲ್ಲಾ ಲೀಸು ಒಂದು ಗಂಟೆಗೆ ಇಳಿಸಿ. ಇಲ್ಲಾಂದ್ರೆ ಮಷೀನುಗಳು ಹಳೇ ನಂಬರೇ ಹಿಡ್ಕೊಂಡು ಕೂರ್ತವೆ. ಗೊತ್ತಾಗುತ್ತಲ್ವಾ?"

ನಿನಗೆ ಹಲ್ಲು ಬರುವ ಮೊದಲೇ ಗೊತ್ತು ಕಣೋ. ಲೀಸು ಅಂದರೆ ನಂಬರಿನ ಬಾಡಿಗೆ ಕರಾರು; ಅವಧಿ ಮುಗಿದ ಯಂತ್ರ ಹೊಸ ನಂಬರು ಕೇಳಲೇಬೇಕು.

ಇಳಿಸಿದೆ. ಎಲ್ಲಕ್ಕೂ ಒಂದು ಗಂಟೆ. ಗೊರಕೆರಾಯನ ಗುಂಪಿಗೆ ಮಾತ್ರ ಮೂವತ್ತು ದಿನ! ಸೋಮವಾರ ಆಸ್ಪತ್ರೆಯೆಲ್ಲ ಹೊಸ ಮನೆಗೆ ಹೋದಾಗ ಇವನ ಕಂಪ್ಯೂಟರು ಹಳೇ ಮನೆ ಬಾಗಿಲಲ್ಲಿ ಕೂತಿರುತ್ತೆ. ಹತ್ತು ಗಂಟೆಗೆ ದೊಡ್ಡ ಡಾಕ್ಟರಿಗೆ ಅದರಲ್ಲೇ ಎಲ್ಲ ತೋರಿಸಬೇಕು. ಒಂದು ಸಲ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತೆ. ಅಷ್ಟು ಹೊಳೆಯಲಿ ನೋಡೋಣ.

ಮನೆಯವಳು ಕೇಳಿದಳು, "ಏನ್ರೀ ಒಬ್ಬೊಬ್ರೇ ನಗ್ತಿದ್ದೀರಿ?"

೧೦, ಸೋಮವಾರ. ೧೦.೨೦

ಬೆಳಗ್ಗೆ ಏಳಕ್ಕೇ ಹಳೇದು ಆಫ್, ಹೊಸದು ಆನ್. ಹತ್ತಕ್ಕೆ ಅವನ ಪರದೆ ಸತ್ತಿತ್ತು. ಪರದೆಯ ಕೇಬಲ್ ಕಿತ್ತ, ಹಾಕಿದ, ಕಿತ್ತ. ದೊಡ್ಡ ಡಾಕ್ಟರು ಗಡಿಯಾರ ನೋಡಿದರು. ಟೈ ಸಡಿಲವಾಯಿತು. ನಾನು ಕ್ಯಾಂಟೀನಿಗೆ ಹೋಗಿ ಎರಡು ಟೀ ಕುಡಿದೆ. ಎರಡನೇದು ಅವನ ಲೆಕ್ಕದಲ್ಲಿ.

ಅದೇ ದಿನ, ಮಧ್ಯಾಹ್ನ ೧

ಲ್ಯಾಬಿನ ತಂಗಿ ಹನ್ನೊಂದೂವರೆಗೆ ಓಡಿ ಬಂದಳು. "ಅಣ್ಣಾ, ಬೆಳಗ್ಗೆಯಿಂದ ಅಜ್ಜಿ ಕೆಮ್ಮಿಲ್ಲ. ಮೂರು ಕಂಪ್ಲೇಂಟ್ ಹಾಕಿದೆ, ಯಾರೂ ಬರ್ಲಿಲ್ಲ. ಫೋನ್ ಮಾಡಿದ್ರೆ ಮ್ಯಾನೇಜರು 'ಕಂಪ್ಲೇಂಟ್ ಹಾಕಿ' ಅಂತ ಕಟ್ ಮಾಡ್ತಾರೆ. ಟ್ಯೂಬಿಗೆಲ್ಲ ಕೈಯಲ್ಲೇ ಬರೀತಿದ್ದೀನಿ."

ಕಂಪ್ಲೇಂಟು ಹೋಗುವುದು ಗೊರಕೆರಾಯನಿಗೆ. ಅವನು ಕಿವುಡ. ಕಿವುಡು ಮಾಡಿದವನು ನಾನು.

ಮತ್ತೆ ಅಜ್ಜಿ... ಅಜ್ಜಿಯೂ ಅದೇ ಗುಂಪಿನಲ್ಲಿ. ನನ್ನ 'ಸಂಸಾರ'. ಲ್ಯಾಬಿನ ಗುಂಪಿನಲ್ಲಿ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ.

ಹೋಗಿ ಪ್ಲಗ್ ಕಿತ್ತು ಹಾಕಿದೆ. ಎರಡು ಸಲ ಕೆಮ್ಮಿದಳು. ಇಪ್ಪತ್ತಾರು ಲೇಬಲ್ಲು ಒಂದರ ಹಿಂದೊಂದು ಉದುರಿದವು. "ಏನ್ ಮಾಡಿದ್ರಣ್ಣಾ!" ಅಂತ ಅವಳು ಕಣ್ಣರಳಿಸಿದಳು. ಹೊಗಳಿಕೆ.

ಅಷ್ಟರಲ್ಲಿ ನಾಲ್ಕನೇ ವಾರ್ಡಿಂದ ಫೋನು. ಒಂದೇ ಹೆಸರಿನ ಇಬ್ಬರು ಹೆಂಗಸರು. ಕೈಯಲ್ಲಿ ಬರೆದ ಟ್ಯೂಬು ಅದಲುಬದಲು. ಒಬ್ಬಳ ರಿಪೋರ್ಟ್ ನೋಡಿ ಇನ್ನೊಬ್ಬಳಿಗೆ ಸಕ್ಕರೆ ಇಳಿಸುವ ಇಂಜೆಕ್ಷನ್. ಪ್ರಜ್ಞೆ ತಪ್ಪಿ ಐಸಿಯುಗೆ.



೧೪, ಶುಕ್ರವಾರ. ಬೆಳಗ್ಗೆ

ಮೂರು ದಿನ ಬರೆಯಲಿಲ್ಲ. ಆ ಹೆಂಗಸು ಎದ್ದು ಕೂತಿದ್ದಾಳೆ. ಮೂರು ಸಲ ಹೋಗಿ ವಾರ್ಡಿನ ಬಾಗಿಲಿಂದ ನೋಡಿ ಬಂದೆ. ನಾನು ಯಾರ ಕಡೆಯವನು ಅಂತ ಅವಳ ಗಂಡ ಕೇಳಿದ. ಕಂಪ್ಯೂಟರ್ ಕಡೆಯವನು ಅಂದು ಮೆಟ್ಟಿಲಿಳಿದೆ.

ಇವತ್ತು ಮೂರು ಗಂಟೆಗೆ ವಿಚಾರಣೆ. ನನ್ನದಲ್ಲ. ಲ್ಯಾಬಿನ ತಂಗಿಯದು. ಕೈಬರಹ ಸರಿಯಿಲ್ಲವಂತೆ. ಕೆಲಸದಿಂದ ತೆಗೆಯುವ ಮಾತು.

ಮ್ಯಾನೇಜರು ಬಂದ. "ಅಜ್ಜಾ, ಡಬ್ಬ ಇವತ್ತೇ ಅಳಿಸಿಬಿಡಿ. ಅದರಲ್ಲೇನೂ ಬೇಕಾಗಿಲ್ಲ."

"ಏನೂ ಇಲ್ವಾ ಸಾರ್?"

"ನಿಮ್ಮ ಕೆಟ್ಟ ಜೋಕು ಬಿಟ್ರೆ ಏನಿದೆ?"

ಮೊದಲನೇ ಸಲ ಸರಿಯಾಗಿ ಹೇಳಿದ, ನನ್ಮಗ. ಒಂದು ಗುಂಡಿ ಒತ್ತಿದರೆ ನನ್ನ ಮೂವತ್ತು ದಿನ ಯಾರಿಗೂ ಕಾಣುವುದಿಲ್ಲ. ಕಂಡರೆ, ಇವನು ಜನ್ಮವಿಡೀ ಹಲ್ಲು ಕಿಸಿಯುತ್ತಾನೆ.

೨.೫೫

ವಿಚಾರಣೆ ಕೋಣೆಯ ಹೊರಗಿನ ಬೆಂಚು. ಡಬ್ಬ ಅಳಿಸಿಲ್ಲ. 'ಸಂಸಾರ'ಕ್ಕೆ ಮೂವತ್ತು ದಿನ ಅಂತಿರುವ ಪುಟ ಪ್ರಿಂಟ್ ತೆಗೆದು ಮಡಚಿಟ್ಟುಕೊಂಡಿದ್ದೇನೆ. ಅದರ ಹಿಂಬದಿಯಲ್ಲೇ ಬರೆಯುತ್ತಿದ್ದೇನೆ ಇದನ್ನು, ಕೈಗೆ ಏನಾದರೂ ಕೆಲಸ ಬೇಕಲ್ಲ.

ಪಕ್ಕದಲ್ಲಿ ಲ್ಯಾಬಿನ ತಂಗಿ. ಕಣ್ಣು ಊದಿದೆ. "ಅಣ್ಣಾ, ನೀವ್ಯಾಕೆ ಬಂದ್ರಿ? ಏನದು ಕೈಯಲ್ಲಿ?"

"ಜೋಕು" ಅಂದೆ.

"ಹೇಳಿ ಮತ್ತೆ. ಒಳಗೆ ಹೋಗೋಕೆ ಮುಂಚೆ ನಗಿಸಿ."

ಬಾಗಿಲು ತೆರೆಯಿತು. ಅವಳನ್ನು ಕರೆದರು. ಅವಳು ಏಳುವ ಮೊದಲೇ ನಾನು ಎದ್ದು ನಿಂತಿದ್ದೇನೆ. ಈ ಜೋಕು ಮೊದಲು ಒಳಗಿನವರು ಕೇಳಲಿ.